ಉದುರುವ ಗೋಡೆಗೆ ಗೀಸರ್, ಬೇಸಿನ್, ಹಿಡಿಕೆ ಗಟ್ಟಿಯಾಗಿ ಕೂರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರಿಗೆ ಒಂದು ಮಾತು ಆಗಾಗ ಕೇಳಿಸುತ್ತಲೇ ಇರುತ್ತದೆ: "ಅಣ್ಣಾರ, ಇನ್ನೊಂದೀಟು ದಪ್ಪ ಸ್ಕ್ರೂ ಕೊಡ್ರಿ, ಮೊದಲಿಂದು ಕಿತ್ತು ಬಂತು." ಕೊಟ್ಟು ಕಳಿಸಿದರೆ ವ್ಯಾಪಾರವೇನೋ ಆಗುತ್ತದೆ. ಆದರೆ ತಪ್ಪು ಬಹಳ ಸಲ ಸ್ಕ್ರೂದಲ್ಲಿ ಇರುವುದೇ ಇಲ್ಲ. ಸ್ಕ್ರೂ ಹಿಡಿದಿದ್ದು ಬರೀ ಗಿಲಾವನ್ನು, ಅಂದರೆ ಮೇಲಿನ ಪ್ಲಾಸ್ಟರನ್ನು. ಗೋಡೆ ಅದರ ಹಿಂದೆ ಎಲ್ಲೋ ಇದೆ.

ಹಳೇ ಊರಿನ ಕಲ್ಲು-ಮಣ್ಣಿನ ಮನೆ, ನವನಗರದ ಇಟ್ಟಂಗಿ ಮನೆ, ವಿಜಯಪುರದ ಸುಣ್ಣದ ಗಾರೆಯ ಗೋಡೆ, ಖಾನಾಪುರ ಕಡೆಯ ಜಂಬಿಟ್ಟಿಗೆ ಗೋಡೆ, ಎಲ್ಲದಕ್ಕೂ ಒಂದೇ ಮದ್ದಿಲ್ಲ. ಹಾಗಾಗಿ ಅಂಗಡಿಯ ಕಟ್ಟೆ ಮೇಲೆ ನಿಂತು ಜನ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಗೋಡೆ ಯಾವುದರದ್ದು ಅಂತ ಹೇಗೆ ಗೊತ್ತಾಗುತ್ತದೆ? ಮೇಲೆ ಬಣ್ಣ ಇದೆ, ಏನೂ ಕಾಣುವುದಿಲ್ಲ.

ಕಣ್ಣಿಗೆ ಬೀಳದ ಮೂಲೆಯಲ್ಲಿ, ಕನ್ನಡಿ ಬರುವ ಜಾಗದ ಹಿಂದೆ ಆದರೂ ಸರಿ, ಒಂದು ತೂತು ಕೊರೆದು ನೋಡಿ. 6 ಎಂಎಂ ಬಿಟ್ ಸಾಕು. ಡ್ರಿಲ್ಲಿನ ಹ್ಯಾಮರ್, ಅಂದರೆ ತಿರುಗುತ್ತಲೇ ಕುಟ್ಟುವುದನ್ನು, ಬಂದ್ ಮಾಡಿ. ತೂತಿನ ಕೆಳಗೆ ಬಿಳಿ ಕಾಗದ ಹಿಡಿಯಿರಿ. ಮೊದಲು ಬೀಳುವ ಬೂದು ಪುಡಿ ಸಿಮೆಂಟ್ ಗಿಲಾವಿನದು. ಅದು ಸಾಮಾನ್ಯವಾಗಿ 12ರಿಂದ 20 ಎಂಎಂ ಇರುತ್ತದೆ. ಅದು ದಾಟಿದ ಮೇಲೆ ಬೀಳುವ ಪುಡಿಯೇ ನಿಮಗೆ ಬೇಕಾದ ಉತ್ತರ.

ಕೆಂಪು ಪುಡಿ ಬಂದರೆ ಇಟ್ಟಂಗಿ. ಬಿಟ್ ಒಂದೇ ಹದದಲ್ಲಿ ಒಳಗೆ ಹೋಗುತ್ತಿದ್ದರೆ ಒಳ್ಳೇ ಇಟ್ಟಂಗಿ, ಬೆಣ್ಣೆಗೆ ಇಳಿದ ಹಾಗೆ ಹೋದರೆ ಸರಿಯಾಗಿ ಸುಡದ ಇಟ್ಟಂಗಿ. ಬೂದು ಪುಡಿಯೇ ಮುಂದುವರಿದು, ನಡುವೆ ಬಿಟ್ ತಟ್ಟನೆ ಮುಂದೆ ಜಿಗಿದರೆ ಅದು ಟೊಳ್ಳು ಬ್ಲಾಕು. ಹಗುರವಾದ ಬೆಳ್ಳನೆ ಪುಡಿ ಸಲೀಸಾಗಿ ಬರುತ್ತಿದ್ದರೆ ಎಎಸಿ ಬ್ಲಾಕು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕು. ಕಂದು ಬಣ್ಣದ ಮಣ್ಣು ಬಂದು, ಆಮೇಲೆ ಬಿಟ್ ಕಿರ್ರೆಂದು ನಿಂತೇಬಿಟ್ಟರೆ ಅದು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ. ಮಣ್ಣು ಸಂದಿಯದು, ನಿಲ್ಲಿಸಿದ್ದು ಕಲ್ಲು.

ಒಂದೇ ತೂತು ನೋಡಿ ತೀರ್ಮಾನ ಮಾಡಬೇಡಿ. ಹಳೇ ಮನೆಗಳಲ್ಲಿ ಕೆಳಗೆ ಕಲ್ಲು, ಮೇಲೆ ಹಸಿ ಇಟ್ಟಂಗಿ ಇರುವುದುಂಟು.

ಅಷ್ಟು ಉದ್ದದ ಸ್ಕ್ರೂ ಹಾಕಿದರೂ ಯಾಕೆ ಕಿತ್ತು ಬರುತ್ತದೆ?

ಲೆಕ್ಕ ಹಾಕಿ ನೋಡಿ. ಟೈಲ್ಸ್ ಸುಮಾರು 8 ಎಂಎಂ. ಅದರ ಹಿಂದಿನ ಮಾಲು (ಕಲಸಿದ ಸಿಮೆಂಟು-ಉಸುಕು) 10ರಿಂದ 20 ಎಂಎಂ. ಅದರ ಹಿಂದೆ ಹಳೇ ಗಿಲಾವು. ಸ್ಕ್ರೂ ಹಿಡಿಯಲಿ ಅಂತ ನೀವು ತೂತಿಗೆ ಹಾಕಿದ ಪ್ಲಾಸ್ಟಿಕ್ ಪ್ಲಗ್ 35-40 ಎಂಎಂ. ಅಂದರೆ ಇಡೀ ಪ್ಲಗ್ ಗಿಲಾವಿನಲ್ಲೇ ಮುಗಿದುಹೋಯಿತು. ಗೋಡೆಯನ್ನು ಅದು ಮುಟ್ಟಿಯೇ ಇಲ್ಲ.

ಇನ್ನೊಂದು ವಿಷಯ. ಭಾರ ಕೆಳಗೆ ಜಗ್ಗುವುದಷ್ಟೇ ಅಲ್ಲ, ಹೊರಗೂ ಜಗ್ಗುತ್ತದೆ. ಗೋಡೆಯಿಂದ 20 ಸೆಂಮೀ ಮುಂದೆ 10 ಕೆಜಿ ಭಾರ ಇದೆ, ಬ್ರಾಕೆಟ್ಟಿನ ಎತ್ತರ 10 ಸೆಂಮೀ ಅಂದುಕೊಳ್ಳಿ. ಆಗ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಗೆ ಎಳೆಯುವ ಬಲ ಸುಮಾರು 20 ಕೆಜಿಯಷ್ಟಾಗುತ್ತದೆ. ಬ್ರಾಕೆಟ್ 20 ಸೆಂಮೀ ಎತ್ತರದ್ದಾದರೆ ಅದೇ ಎಳೆತ ಅರ್ಧಕ್ಕೆ ಇಳಿಯುತ್ತದೆ. ದುರ್ಬಲ ಗೋಡೆಗೆ ಎತ್ತರದ ಬ್ರಾಕೆಟ್ ತೆಗೆದುಕೊಳ್ಳಿ ಅಂತ ನಾವು ಹೇಳುವುದು ಇದಕ್ಕೇ. ಗಿರಾಕಿಗಳು ಮಾತ್ರ ನೋಡಲು ಚೆಂದ ಇರುವ ಗಿಡ್ಡ ಬ್ರಾಕೆಟ್ಟನ್ನೇ ಆರಿಸುತ್ತಾರೆ.

ಅಜ್ಜನ ಕಾಲದ ಗೂಟ ಇನ್ನೂ ಅಲ್ಲಾಡಿಲ್ಲ. ಹೋದ ತಿಂಗಳು ಹಾಕಿದ ಹುಕ್ ಮಾತ್ರ ಬಿತ್ತು. ಅದು ಹೇಗೆ?

ಒಳ್ಳೇ ಪ್ರಶ್ನೆ. ಆ ಗೂಟವನ್ನು ಗೋಡೆ ಕಟ್ಟುವಾಗಲೇ ಕಲ್ಲಿನ ನಡುವೆ ಇಟ್ಟು ಕಟ್ಟಿರುತ್ತಾರೆ. ಹೊರಗೆ ಕಾಣುವುದು ನಾಲ್ಕು ಬೆರಳು, ಒಳಗೆ ಇರುವುದು ಗೇಣಿಗೂ ಜಾಸ್ತಿ. ಮೇಲೆ ಇಡೀ ಗೋಡೆಯ ಭಾರ ಕೂತು ಅದನ್ನು ಒತ್ತಿ ಹಿಡಿದಿದೆ. ನಿಮ್ಮ ಹುಕ್ ಒಂದೂವರೆ ಇಂಚು ಒಳಗೆ ಹೋಗಿ, ಪುಡಿಯಾದ ಗಿಲಾವಿನಲ್ಲಿ ನಿಂತಿದೆ.

ಸುಣ್ಣದ ಗಾರೆ ದುರ್ಬಲ, ಸಿಮೆಂಟು ಗಟ್ಟಿ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ವಿಜಯಪುರದ ಗೋಳಗುಮ್ಮಟ ಮುಗಿದಿದ್ದು 1656ರಲ್ಲಿ. ಅದು ನಿಂತಿರುವುದು ಸುಣ್ಣದ ಗಾರೆಯಲ್ಲೇ. ಸುಣ್ಣದ ಗೋಡೆ ಹಾಳಾಗುವುದು ನೀರು ಸೇರಿದರೆ, ಉಪ್ಪು ಸೇರಿದರೆ, ಮತ್ತು ಉಸಿರಾಡದ ಹಾಗೆ ಮೇಲೆ ಸಿಮೆಂಟು ಬಳಿದರೆ.

ಗೋಡೆ ಮುಟ್ಟಿದರೇ ಉದುರುತ್ತದೆ. ಮೊದಲು ಏನು ಮಾಡಬೇಕು?

ಡ್ರಿಲ್ ಕೆಳಗಿಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಬಚ್ಚಲಿನಲ್ಲಿ ಸಾಮಾನ್ಯವಾಗಿ ಮೂರು ದಾರಿ: ಒಳಗಿನ ಪೈಪ್ ಜಾಯಿಂಟ್ ಸೋರುವುದು, ಟೈಲ್ಸ್ ಸಂದಿಯಿಂದ ಇಳಿಯುವುದು, ಬುನಾದಿಯಿಂದ ತೇವ ಮೇಲೇರುವುದು. ಮೂರನೆಯದಾದರೆ ನೆಲದಿಂದ ಎರಡು ಮೂರು ಅಡಿವರೆಗೆ ಬಿಳಿ ಹೂವು ಬಿಟ್ಟ ಹಾಗೆ ಉಪ್ಪು ಕಾಣುತ್ತದೆ. ನಮ್ಮ ಕಡೆ ಬೋರಿನ ನೀರು ಸವುಳು, ಹಾಗಾಗಿ ಉಪ್ಪಿಗೆ ಬರವಿಲ್ಲ. ನೀರು ಒಣಗಿದಾಗ ಉಪ್ಪು ಇಟ್ಟಂಗಿಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ಒಳಗಿಂದಲೇ ಒಡೆಯುತ್ತದೆ. ಪುಡಿ ಉದುರುವುದು ಇದರಿಂದ.

ಈ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಸಡಿಲ ಗಿಲಾವನ್ನು ಗಟ್ಟಿ ಸಿಗುವವರೆಗೆ ಕೆತ್ತಿ ತೆಗೆಯಿರಿ. ಸೋರಿಕೆ ನಿಲ್ಲಿಸಿ ಒಣಗಲು ಬಿಡಿ. ಶಿವರಾತ್ರಿ ದಾಟಿದ ಮೇಲೆ ನಮ್ಮ ಬಿಸಿಲಿಗೆ ಗೋಡೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹಿಡಿಯುವುದು ವ್ಯರ್ಥ.

ಮಣ್ಣು ಅಥವಾ ಸುಣ್ಣದ ಗೋಡೆಗೆ ಗಿಲಾವು ಮತ್ತೆ ಮಾಡುವಾಗ ಸುಣ್ಣದ ಗಿಲಾವೇ ಸರಿ. ಗಟ್ಟಿ ಸಿಮೆಂಟ್ ಗಿಲಾವು ಮೆತ್ತಗಿನ ಗೋಡೆಯ ಜೊತೆ ಕೂಡಿ ಬಾಳುವುದಿಲ್ಲ. ತೇವ ಹಿಂದೆ ಸಿಕ್ಕಿಬಿದ್ದು, ಎರಡು ಮೂರು ವರ್ಷದಲ್ಲಿ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿದರೂ ಇದೇ ಕಥೆ.

2019ರ ನೆರೆಯಲ್ಲಿ ನಮ್ಮ ಮನೆಯಲ್ಲಿ ನೀರು ನಿಂತಿತ್ತು. ಆ ಗೋಡೆಯನ್ನು ನಂಬಬಹುದಾ?

ಆ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಹಳ ಮಣ್ಣಿನ ಮನೆಗಳು ಬಿದ್ದವು. ಬೀಳದೆ ಉಳಿದ ಗೋಡೆಗಳಲ್ಲೂ ಕೆಳಗಿನ ಸಂದಿಯ ಮಣ್ಣು ತೊಳೆದುಹೋಗಿರಬಹುದು. ಮೇಲೆ ಗಿಲಾವು ಮಾಡಿ ಬಣ್ಣ ಹೊಡೆದಿದ್ದರೆ ಹೊರಗಿಂದ ಕಾಣುವುದಿಲ್ಲ. ಸುತ್ತಿಗೆ ಹಿಡಿಯಿಂದ ಕೆಳಗಿಂದ ಮೇಲಕ್ಕೆ ಬಡಿಯುತ್ತಾ ಹೋಗಿ. ದಬ್ ದಬ್ ಅನ್ನುವ ಟೊಳ್ಳು ಸದ್ದು ಬಂದ ಕಡೆ ಭಾರದ ಸಾಮಾನು ಬೇಡ. ಅಂಥ ಗೋಡೆಗೆ ನಾನಾದರೆ ಟಾವೆಲ್ ಬಿಟ್ಟು ಬೇರೇನೂ ನೇತುಹಾಕುವುದಿಲ್ಲ. ಭಾರವನ್ನು ನೆಲಕ್ಕೇ ಕೊಡುತ್ತೇನೆ. ಹೇಗೆ ಅಂತ ಗೀಸರ್ ಪ್ರಶ್ನೆಯಲ್ಲಿ ನೋಡಿ.

ತೂತು ಕೊರೆಯುವ ಸರಿಯಾದ ರೀತಿ ಯಾವುದು?

ಅರ್ಧ ಕೆಲಸ ಕೆಡುವುದು ಇಲ್ಲೇ. ಹುಡುಗರು ಬಂದು ಹ್ಯಾಮರ್ ಹಚ್ಚಿ ಗರ್ರ್ ಅಂತ ಹೊಡೆದುಬಿಡುತ್ತಾರೆ. ಕಾಂಕ್ರೀಟಿಗೆ ಅದು ಸರಿ. ಮೆತ್ತಗಿನ ಇಟ್ಟಂಗಿಗೆ, ಎಎಸಿಗೆ, ಜಂಬಿಟ್ಟಿಗೆಗೆ ಹ್ಯಾಮರ್ ಬಿದ್ದರೆ 8 ಎಂಎಂ ತೂತು 11 ಎಂಎಂ ಆಗುತ್ತದೆ, ಹಿಂದೆ ಚೂರು ಒಡೆದು ಉದುರುತ್ತದೆ.

ಟೈಲ್ಸ್ ಇದ್ದರೆ ಗುರುತಿನ ಮೇಲೆ ಪೇಪರ್ ಟೇಪ್ ಹಚ್ಚಿ. ಬಿಟ್ ಜಾರುವುದಿಲ್ಲ. ಟೈಲ್ಸ್ ಬಿಟ್ ಹಾಕಿ ನಿಧಾನವಾಗಿ, ಹ್ಯಾಮರ್ ಇಲ್ಲದೆ ಟೈಲ್ಸ್ ದಾಟಿಸಿ. ಆಮೇಲೆ ಗೋಡೆ ಬಿಟ್‌ಗೆ ಬದಲಿಸಿ. 8 ಎಂಎಂ ತೂತು ಬೇಕಿದ್ದರೂ ಮೊದಲು 5 ಅಥವಾ 6ರಲ್ಲಿ ಕೊರೆಯಿರಿ. ಗೋಡೆ ಬಹಳ ಮೆತ್ತಗಿದೆ ಅನಿಸಿದರೆ 7ಕ್ಕೇ ನಿಲ್ಲಿಸಿ, 8ರ ಪ್ಲಗ್ಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸಿ. ಬಿಗಿಯಾಗಿ ಕೂರುತ್ತದೆ.

ಆಳ ಪ್ಲಗ್ಗಿಗಿಂತ 10 ಎಂಎಂ ಜಾಸ್ತಿ ಇರಲಿ. ಬಿಟ್ ಮೇಲೆ ಟೇಪ್ ಸುತ್ತಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ.

ಕೊರೆದ ಮೇಲೆ ಪುಡಿ ತೆಗೆಯಬೇಕು. ಬಾಯಿಂದ ಊದಬೇಡಿ, ಕಣ್ಣಿಗೆ ಬರುತ್ತದೆ. ಸೈಕಲ್ ಪಂಪಿನ ಕೊಳವೆಯನ್ನು ತೂತಿನ ತಳಕ್ಕೆ ಮುಟ್ಟಿಸಿ ಎರಡು ಸಲ ಹೊಡೆಯಿರಿ. ಸಣ್ಣ ಬಾಟಲಿ ಬ್ರಷ್ ಹಾಕಿ ತಿರುಗಿಸಿ. ಮತ್ತೆ ಪಂಪ್. ಎರಡನೇ ಸಲ ಎಷ್ಟು ಪುಡಿ ಬರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಕಲ್ಲು-ಮಣ್ಣಿನ ಗೋಡೆಯಲ್ಲಿ ಎಲ್ಲಿ ಕೊರೆಯಬೇಕು?

ಸಂದಿಯಲ್ಲಿ ಬೇಡ, ಕಲ್ಲಿನಲ್ಲೇ ಕೊರೆಯಿರಿ. ಸಂದಿ ಮೆತ್ತಗಿದೆ, ಸುಲಭ ಅಂತ ಎಲ್ಲರೂ ಅಲ್ಲೇ ಇಳಿಯುತ್ತಾರೆ. ಮಣ್ಣಿಗೆ ಹಾಕಿದ ಪ್ಲಗ್ ಅಲ್ಲೇ ಗಿರಗಿರ ತಿರುಗುತ್ತಿರುತ್ತದೆ.

ದೊಡ್ಡ ಕಲ್ಲು ಆರಿಸಿ. ಬಡಿದಾಗ ಟಣ್ ಅನ್ನಬೇಕು, ಕದಲಬಾರದು. ಅಂಚು ಬಿಟ್ಟು ನಡುವೆ ಕೊರೆಯಿರಿ. ಬಾದಾಮಿ, ಗುಳೇದಗುಡ್ಡ ಕಡೆಯ ಮರಳುಗಲ್ಲು ಸಾಧಾರಣ ಡ್ರಿಲ್ಲಿಗೂ ಬಗ್ಗುತ್ತದೆ. ವಿಜಯಪುರದ ಕರಿಕಲ್ಲು, ಇಳಕಲ್ಲಿನ ಗ್ರಾನೈಟು ಹಾಗಲ್ಲ. ಅದಕ್ಕೆ ರೋಟರಿ ಹ್ಯಾಮರ್ ಬಾಡಿಗೆಗೆ ತರಬೇಕು. ಗಟ್ಟಿ ಕಲ್ಲಿಗೆ ಮಾತ್ರ ಹ್ಯಾಮರ್ ತಪ್ಪಲ್ಲ. ಕಲ್ಲು ಸಿಕ್ಕಿತೆಂದರೆ ನೀವು ಪುಣ್ಯವಂತರು, 50 ಎಂಎಂ ಒಳಗೆ ಹೋದ ಸಾದಾ ನೈಲಾನ್ ಪ್ಲಗ್ಗೇ ಸಾಕು.

ತೊಂದರೆ ಏನೆಂದರೆ, ಬ್ರಾಕೆಟ್ಟಿನ ಎರಡು ತೂತೂ ಕಲ್ಲಿನ ಮೇಲೇ ಬೀಳಬೇಕಲ್ವಾ? ಬೀಳುವುದಿಲ್ಲ. ಆಗ ನಡುವೆ ಒಂದು ಪಟ್ಟಿ ಹಾಕಿ. 18 ಎಂಎಂ ಮರೈನ್ ಪ್ಲೈವುಡ್ ಇಲ್ಲವೇ ತೇಗದ ಹಲಗೆಯನ್ನು ಎಲ್ಲೆಲ್ಲಿ ಕಲ್ಲು ಸಿಗುತ್ತದೋ ಅಲ್ಲಲ್ಲಿ ಐದಾರು ಕಡೆ ಬಿಗಿಯಿರಿ. ಸಾಮಾನನ್ನು ಆ ಹಲಗೆಗೆ ಹಾಕಿ. ಹಲಗೆಯ ನಾಲ್ಕೂ ಅಂಚಿಗೆ ಎಣ್ಣೆ ಪೇಂಟ್ ಹೊಡೆಯುವುದನ್ನು ಮರೆಯಬೇಡಿ, ನೀರು ಕುಡಿಯುವುದು ಅಂಚಿನಿಂದಲೇ.

ಯಾವ ಪ್ಲಗ್ಗಿಗೆ ಯಾವ ಸ್ಕ್ರೂ?

6 ಎಂಎಂ ಪ್ಲಗ್ಗಿಗೆ 4ರಿಂದ 5 ಎಂಎಂ ಸ್ಕ್ರೂ. 8ಕ್ಕೆ 5ರಿಂದ 6. 10ಕ್ಕೆ 6ರಿಂದ 8. ಸ್ಕ್ರೂ ಪ್ಲಗ್ಗಿನ ತುದಿ ದಾಟಿ ಸ್ವಲ್ಪ ಹೊರಗೆ ಬರುವಷ್ಟು ಉದ್ದ ಇರಬೇಕು, ಇಲ್ಲದಿದ್ದರೆ ಪ್ಲಗ್ ಪೂರ್ತಿ ಅರಳುವುದಿಲ್ಲ. ಅಗ್ಗದ ಗಟ್ಟಿ ಪ್ಲಾಸ್ಟಿಕ್ ಪ್ಲಗ್ ಬಿಟ್ಟು ನೈಲಾನ್ ಪ್ಲಗ್ ತೆಗೆದುಕೊಳ್ಳಿ.

ದುರ್ಬಲ ಗೋಡೆಗೆ ದಪ್ಪಕ್ಕಿಂತ ಉದ್ದ ಮುಖ್ಯ. 80, 100 ಎಂಎಂ ಉದ್ದದ ಫ್ರೇಮ್ ಪ್ಲಗ್ ಸಿಗುತ್ತದೆ. ಅದು ಟೈಲ್ಸು, ಮಾಲು, ಗಿಲಾವು ಎಲ್ಲಾ ದಾಟಿ ಗೋಡೆಯ ಹೊಟ್ಟೆಯಲ್ಲಿ ಅರಳುತ್ತದೆ. ಟೊಳ್ಳು ಬ್ಲಾಕಿಗೆ ಒಳಗೆ ಗಂಟು ಕಟ್ಟುವ ಪ್ಲಗ್ ಕೇಳಿ, ಎಎಸಿಗೆ ಎಎಸಿ ಪ್ಲಗ್ಗೇ ಬೇರೆ ಇದೆ. ಕಬ್ಬಿಣದ ಆಂಕರ್ ಬೋಲ್ಟ್ ಮಾತ್ರ ಬೇಡ. ಅದು ಬಿಗಿದಷ್ಟೂ ಪಕ್ಕಕ್ಕೆ ಒತ್ತುತ್ತದೆ. ಕಾಂಕ್ರೀಟ್ ತಡೆಯುತ್ತದೆ, ಹಳೇ ಇಟ್ಟಂಗಿ ಸೀಳುತ್ತದೆ.

ತೂತು ದೊಡ್ಡದಾಗಿದೆ. ಬೆಂಕಿಕಡ್ಡಿ ತುರುಕಿದರೆ ನಡೆಯುತ್ತದಾ?

ಸಾಬೂನಿನ ತಟ್ಟೆಗೆ ನಡೆಯುತ್ತದೆ. ಅದಕ್ಕಿಂತ ಭಾರದ್ದಕ್ಕೆ ಬೇಡ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬುವುದಂತೂ ಬೇಡವೇ ಬೇಡ, ಬಚ್ಚಲಿನ ತೇವಕ್ಕೆ ಅದು ಮೆತ್ತಗಾಗುತ್ತದೆ. ಎಂ-ಸೀಲ್ (ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು) ಸಣ್ಣ ತೂತಿಗೆ ಸರಿ, ಆದರೆ ಸುತ್ತಲಿನ ಗೋಡೆ ಪುಡಿಯಾಗಿದ್ದರೆ ಎಂ-ಸೀಲ್ ಉಂಡೆ ಸಮೇತ ಹೊರಗೆ ಬರುತ್ತದೆ. ಒಂದೋ ಜಾಗ ಬದಲಿಸಿ, ಹಳೇ ತೂತಿನಿಂದ ಕನಿಷ್ಠ ನಾಲ್ಕು ಬೆರಳು ದೂರ. ಇಲ್ಲವೇ ಕೆಳಗಿನ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಿರಿ.

ಕೆಮಿಕಲ್ ಆಂಕರ್ ಅಂದರೆ ಏನು? ನಮ್ಮಂಥ ಗೋಡೆಗೆ ಆಗುತ್ತದಾ?

ತೂತಿಗೆ ಅಂಟಿನಂಥ ರಾಳ ತುಂಬಿ, ಅದರೊಳಗೆ ಥ್ರೆಡ್ ರಾಡ್ ತಿರುಗಿಸಿ ಇಳಿಸುವುದು. ರಾಳ ಸುತ್ತಲಿನ ಸಣ್ಣ ಬಿರುಕು, ರಂಧ್ರಗಳಿಗೆಲ್ಲ ಇಳಿದು ಗಟ್ಟಿಯಾಗುತ್ತದೆ. ಪ್ಲಗ್ಗಿನ ಹಾಗೆ ಗೋಡೆಯನ್ನು ಒತ್ತುವುದಿಲ್ಲ. ಮೆತ್ತಗಿನ ಇಟ್ಟಂಗಿಗೆ, ಜಂಬಿಟ್ಟಿಗೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಜಂಬಿಟ್ಟಿಗೆಯಲ್ಲಿ ಒಳಗೊಳಗೇ ಪೊಳ್ಳು ಇರುತ್ತದೆ, ಟೊಳ್ಳು ಬ್ಲಾಕಿನಲ್ಲೂ ಅಷ್ಟೇ. ಅಲ್ಲಿ ಜಾಳಿಗೆಯ ತೋಳು ಹಾಕಿ ರಾಳ ತುಂಬಬೇಕು. ಇಲ್ಲದಿದ್ದರೆ ಇಡೀ ಟ್ಯೂಬ್ ಗೋಡೆಯ ಹೊಟ್ಟೆಗೆ ಹೋಗುತ್ತದೆ.

ಮೂತಿಯಿಂದ ಮೊದಲು ಬರುವ ರಾಳವನ್ನು ಕಾಗದದ ಮೇಲೆ ಚೆಲ್ಲಿ. ಎರಡು ಬಣ್ಣ ಬೆರೆತು ಒಂದೇ ಬಣ್ಣ ಆದ ಮೇಲೆ ತೂತಿಗೆ ಹಾಕಿ. ತಳದಿಂದ ಶುರು ಮಾಡಿ ಹಿಂದೆ ಎಳೆಯುತ್ತಾ ಬನ್ನಿ, ಮುಕ್ಕಾಲು ತುಂಬಿದರೆ ಸಾಕು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಇದು ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ. ಹಾಗಾಗಿ ರಾಡ್ ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿ, ಬೆಳಿಗ್ಗೆ ತಂಪಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಭಾರ ಯಾವಾಗ ಹಾಕಬೇಕು ಅನ್ನುವ ಪಟ್ಟಿ ಟ್ಯೂಬಿನ ಮೇಲೇ ಇರುತ್ತದೆ.

ಶುದ್ಧ ಮಣ್ಣಿನ ಗೋಡೆಗೆ ಇದು ದಂಡ. ರಾಳ ಗಟ್ಟಿಯಾಗುತ್ತದೆ, ಆದರೆ ಅದು ಹಿಡಿದುಕೊಳ್ಳಬೇಕಾದ ಮಣ್ಣು ಗಟ್ಟಿಯಾಗುವುದಿಲ್ಲ.

ಗುಂಡಿ ತೋಡಿ ಕಾಂಕ್ರೀಟ್ ತುಂಬುವುದು ಹೇಗೆ?

ಗೌಂಡಿಗಳ ಹಳೇ ದಾರಿ ಇದು, ಈಗಲೂ ಅಗ್ಗದ ದಾರಿ. ಸುಮಾರು 15 ಸೆಂಮೀ ಚೌಕ, 10 ಸೆಂಮೀ ಆಳ ಚಾಣದಿಂದ ಕೆತ್ತಿ. ಒಂದು ಗುಟ್ಟು ಇದೆ: ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಇರಬೇಕು. ಆಗ ಕಾಂಕ್ರೀಟ್ ಗಡ್ಡೆ ಎಳೆದರೂ ಬರುವುದಿಲ್ಲ. ಪುಡಿ ತೆಗೆದು, ಗುಂಡಿಯನ್ನು ಒದ್ದೆ ಮಾಡಿ, ಸಿಮೆಂಟು 1, ಉಸುಕು 2, ಸಣ್ಣ ಖಡಿ (ಜಲ್ಲಿ) 2 ಪಾಲು ಕಲಸಿ ಗಟ್ಟಿಯಾಗಿ ಒತ್ತಿ ತುಂಬಿ. ಬೋಲ್ಟನ್ನು ಆಗಲೇ ಒಳಗೆ ಇಟ್ಟು ತುಂಬಿದರೆ ಕೊರೆಯುವ ಕೆಲಸವೇ ಇಲ್ಲ, ತಲೆ ಒಳಗೆ, ಥ್ರೆಡ್ ಹೊರಗೆ.

7 ದಿನ ಒದ್ದೆ ಗೋಣಿಬಟ್ಟೆ ಒತ್ತಿ ಇಡಿ. ಮಣ್ಣಿನ ಗೋಡೆಯಾದರೆ ಪೈಪಿನಿಂದ ನೀರು ಹೊಡೆಯಬೇಡಿ, ಒದ್ದೆ ಬಟ್ಟೆ ಮಾತ್ರ. ಎರಡೇ ದಿನಕ್ಕೆ ಡ್ರಿಲ್ ತೆಗೆದುಕೊಂಡು ಹೋಗುವವರು ಇದ್ದಾರೆ. ಅವರಿಗೆ ಇನ್ನೊಂದು ಗುಂಡಿ ತೋಡುವ ಕೆಲಸ ಸಿಗುತ್ತದೆ.

ಗೀಸರ್ ಹಾಕಬಹುದಾ?

15 ಲೀಟರ್ ಗೀಸರಿನಲ್ಲಿ ನೀರೇ 15 ಕೆಜಿ. ಡಬ್ಬಿಯ ತೂಕ ಸೇರಿದರೆ 25 ಕೆಜಿ ಹತ್ತಿರ ಬರುತ್ತದೆ. 25 ಲೀಟರಿನದು 35 ಕೆಜಿ ದಾಟುತ್ತದೆ. ಬಿದ್ದರೆ ತಲೆಯ ಮೇಲೇ ಬೀಳುತ್ತದೆ, ಬಿಸಿನೀರು, ಕರೆಂಟು ಎರಡನ್ನೂ ಹೊತ್ತುಕೊಂಡು. ಇಲ್ಲಿ "ನಡಿತದ ಬಿಡ್ರಿ" ಅನ್ನುವ ಮಾತು ಬೇಡ.

ನನ್ನ ಪ್ರಕಾರ ಉದುರುವ ಗೋಡೆಗೆ ಒಳ್ಳೆಯದು ನೆಲದಿಂದ ಎದ್ದ ಸ್ಟ್ಯಾಂಡು. ವೆಲ್ಡಿಂಗ್ ಅಂಗಡಿಯಲ್ಲಿ 35 ಎಂಎಂ ಆಂಗಲ್‌ನಿಂದ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಎರಡು ಕಾಲು, ನಡುವೆ ಅಡ್ಡಪಟ್ಟಿ ಹಾಕಿಸಿ. ಕಾಲಿನ ಕೆಳಗೆ ಅಂಗೈ ಅಗಲದ ತಗಡು ಇರಲಿ. ಇಡೀ ಭಾರ ನೆಲಕ್ಕೆ ಹೋಗುತ್ತದೆ. ಗೋಡೆಗೆ ಎರಡು ಮೂರು ಕಡೆ ಉದ್ದದ ಪ್ಲಗ್ ಹಾಕುವುದು ಮುಂದೆ ವಾಲದಿರಲಿ ಅಂತ ಮಾತ್ರ. ರೆಡ್ ಆಕ್ಸೈಡ್ ಹೊಡೆದು ಮೇಲೆ ಪೇಂಟ್ ಮಾಡಿಸಿ.

ಗೋಡೆ ಸಾಧಾರಣ ಗಟ್ಟಿ ಇದ್ದು, ಆ ಕಡೆ ಅಡುಗೆಮನೆಯೋ ಹಿತ್ತಲೋ ಇದ್ದರೆ ಆರಪಾರ ಬೋಲ್ಟ್ ಹಾಕಿ. 10 ಎಂಎಂ ಥ್ರೆಡ್ ರಾಡ್, ಆ ಕಡೆ ಅಂಗೈ ಅಗಲದ ಕಬ್ಬಿಣದ ಪ್ಲೇಟು, ನಟ್ಟು. ಗೋಡೆಯನ್ನೇ ಹಿಂದಿನಿಂದ ಅಪ್ಪಿ ಹಿಡಿದ ಹಾಗೆ ಆಗುತ್ತದೆ. 9 ಇಂಚಿನ ಇಟ್ಟಂಗಿ ಗೋಡೆಗೆ ಇದು ಸುಲಭ. ಎರಡು ಅಡಿ ದಪ್ಪದ ಕಲ್ಲಿನ ಗೋಡೆಗೆ ಅಷ್ಟುದ್ದದ ಬಿಟ್ ಹುಡುಕುವುದೇ ಒಂದು ಕೆಲಸ.

ಮೂರನೇ ದಾರಿ: 3 ಲೀಟರಿನ ಇನ್‌ಸ್ಟಂಟ್ ಗೀಸರ್. ತೂಕ ಕಡಿಮೆ. ಕರೆಂಟು ಜಾಸ್ತಿ ಎಳೆಯುತ್ತದೆ, ಹಳೇ ವೈರಿಂಗ್ ಇದ್ದರೆ ಮೊದಲು ಅದನ್ನು ಬದಲಿಸಿ. ಸೋಲಾರ್ ಹಾಕಿಸೋಣ ಅಂದರೆ, ಮಣ್ಣಿನ ಮಾಳಿಗೆ ಮೇಲೆ 100 ಲೀಟರ್ ಟ್ಯಾಂಕು ಇಡುವ ಮಾತನ್ನೇ ಆಡಬೇಡಿ.

ಸೇಫ್ಟಿ ವಾಲ್ವಿನಿಂದ ಹನಿಯುವ ನೀರಿಗೆ ಸಣ್ಣ ಪೈಪ್ ಹಾಕಿ ಕೆಳಗೆ ಬಿಡಿಸಿ. ಎಷ್ಟೋ ಮನೆಯಲ್ಲಿ ಗೀಸರಿನ ಹಿಂದಿನ ಗೋಡೆ ಕೊಳೆಯುವುದು ಆ ಹನಿಯಿಂದಲೇ.

ಹಾಕಿದ ಮೇಲೆ ಗಟ್ಟಿ ಇದೆಯಾ ಅಂತ ಪರೀಕ್ಷೆ ಹೇಗೆ?

ಗೀಸರ್ ಹಾಕುವ ಮೊದಲು, ಬರೀ ಬ್ರಾಕೆಟ್ಟಿಗೆ ಎರಡು ಪಟ್ಟು ಭಾರ ನೇತುಹಾಕಿ. 15 ಲೀಟರ್ ಗೀಸರಿಗೆ ಎರಡು ಪಟ್ಟು ಅಂದರೆ ಹೆಚ್ಚುಕಡಿಮೆ 50 ಕೆಜಿ, ಒಂದು ಸಿಮೆಂಟ್ ಚೀಲ. ಹಗ್ಗವನ್ನು ಉದ್ದ ಬಿಟ್ಟು ಚೀಲ ನೆಲದಿಂದ ನಾಲ್ಕು ಬೆರಳು ಮೇಲಿರುವ ಹಾಗೆ ಕಟ್ಟಿ. ಬ್ರಾಕೆಟ್ಟಿನ ಅಂಚಿಗೆ ಪೆನ್ಸಿಲ್ ಗೀಟು ಹಾಕಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೀಟಿನಿಂದ ಬ್ರಾಕೆಟ್ ಕೂದಲೆಳೆಯಷ್ಟು ಸರಿದಿದ್ದರೂ ಅಲ್ಲಿ ಗೀಸರ್ ಬೇಡ.

ವಾಶ್ ಬೇಸಿನ್?

ಬೇಸಿನ್ನಿನ ತೂಕಕ್ಕಿಂತ ಜನರ ಕೈ ದೊಡ್ಡ ಸಮಸ್ಯೆ. ಮುಖ ತೊಳೆಯುವಾಗ ಎರಡೂ ಕೈ ಊರಿ ಬಗ್ಗುತ್ತೇವೆ. ಮಕ್ಕಳಂತೂ ಜೋತಾಡುತ್ತಾರೆ. ಗೋಡೆಗೆ ನೇತುಹಾಕುವ ಬೇಸಿನ್ ಬಿಟ್ಟು, ಕೆಳಗೆ ಕಾಲು ಇರುವ ಪೆಡೆಸ್ಟಲ್ ಬೇಸಿನ್ ತೆಗೆದುಕೊಳ್ಳಿ. ಹಿಂದೆ ಎರಡು ಸ್ಕ್ರೂ ಅದಕ್ಕೂ ಬೇಕು, ಆದರೆ ಅವು ವಾಲದಿರಲು ಮಾತ್ರ.

ಇನ್ನೂ ಒಳ್ಳೆಯದು ನಮ್ಮ ಕಡೆಯ ಫರಸಿ (ಚಪ್ಪಡಿ ಕಲ್ಲು) ಕಟ್ಟೆ. ಎರಡು ಫರಸಿಯನ್ನು ನಿಲ್ಲಿಸಿ ಮೇಲೆ ಒಂದು ಅಡ್ಡ ಹಾಕಿ, ಅದರ ಮೇಲೆ ಕೂರುವ ಬೇಸಿನ್ ಇಡಿ. ಗೋಡೆಗೆ ಒಂದು ತೂತೂ ಬೇಡ. ಕೆಳಗೆ ಬಕೆಟ್ ಇಡಲು ಜಾಗವೂ ಸಿಗುತ್ತದೆ.

ಅಜ್ಜಿಗೆ ಏಳಲು ಕೂರಲು ಹಿಡಿಕೆ ಹಾಕಬೇಕು. ಎಷ್ಟು ಗಟ್ಟಿ ಇರಬೇಕು?

ಇಡೀ ಮೈಭಾರ ಒಮ್ಮೆಲೇ ಬಿದ್ದರೂ ತಡೆಯುವಷ್ಟು. ಜಾರಿದಾಗ ಮನುಷ್ಯ ಮೆಲ್ಲಗೆ ಹಿಡಿಯುವುದಿಲ್ಲ, ಜಗ್ಗಿ ಹಿಡಿಯುತ್ತಾನೆ. ಸಡಿಲ ಹಿಡಿಕೆ ಹಾಕುವುದಕ್ಕಿಂತ ಹಾಕದಿರುವುದೇ ಲೇಸು, ಯಾಕೆಂದರೆ ಅಜ್ಜಿ ಅದನ್ನು ನಂಬಿಬಿಟ್ಟಿರುತ್ತಾಳೆ.

ಗೋಡೆ ಕೆಟ್ಟಿದ್ದರೆ ನೆಲಕ್ಕೆ ಬೋಲ್ಟ್ ಮಾಡುವ, ಯು ಆಕಾರದ ಸ್ಟೀಲ್ ಹಿಡಿಕೆ ಹಾಕಿಸಿ. ನೆಲ ಬರೀ ಮಣ್ಣಿನ ಮೇಲೆ ಹಾಸಿದ ಫರಸಿಯಾಗಿದ್ದರೆ, ಕಾಲು ಬರುವಲ್ಲಿ ಫರಸಿ ತೆಗೆದು ಒಂದು ಅಡಿ ಚೌಕ, ಒಂದು ಅಡಿ ಆಳ ಕಾಂಕ್ರೀಟ್ ಹಾಕಿಸಬೇಕು. ಗೋಡೆಗೇ ಹಾಕುವುದಾದರೆ ಆರಪಾರ ಬೋಲ್ಟ್ ಮಾತ್ರ. ರಬ್ಬರ್ ಬಟ್ಟಲು ಅಂಟಿಸುವ ಹಿಡಿಕೆಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ವಯಸ್ಸಾದವರ ಕೈಗೆ ಅದನ್ನು ಕೊಡಬೇಡಿ.

ಎತ್ತರ ಅಳೆಯುವಾಗ ಅಜ್ಜಿಯನ್ನೇ ಕೂರಿಸಿ. "ಆಯಿ, ಏಳುವಾಗ ಕೈ ಎಲ್ಲಿಗೆ ಹೋಗ್ತದ?" ಅಂತ ಕೇಳಿ ಅಲ್ಲೇ ಗುರುತು ಹಾಕಿ.

ಟೈಲ್ಸ್ ಬಡಿದರೆ ಟೊಳ್ಳು ಸದ್ದು ಬರುತ್ತದೆ. ಅದರ ಮೇಲೆ ಕೊರೆಯಬಹುದಾ?

ಬೇಡ. ಹಿಂದೆ ಮಾಲು ಇಲ್ಲ, ಬಿಗಿದ ಕೂಡಲೇ ಟೈಲ್ಸ್ ಸೀಳುತ್ತದೆ. ಗಟ್ಟಿ ಸದ್ದಿನ ಟೈಲ್ಸ್ ಹುಡುಕಿ, ಅದರಲ್ಲೂ ಅಂಚಿನಿಂದ ಎರಡು ಬೆರಳು ಒಳಗೆ ಬನ್ನಿ. ಪ್ಲಗ್ಗಿನ ಕುತ್ತಿಗೆ ಟೈಲ್ಸಿನಲ್ಲಿ ನಿಲ್ಲಬಾರದು. ಟೈಲ್ಸ್ ದಾಟಿ ಒಳಗೆ ಇಳಿಯಲಿ, ಇಲ್ಲದಿದ್ದರೆ ಅರಳುವಾಗ ಟೈಲ್ಸನ್ನೇ ಒಡೆಯುತ್ತದೆ. ಸ್ಕ್ರೂ ಹಾಕುವ ಮೊದಲು ತೂತಿಗೆ ಒಂದು ಹನಿ ಸಿಲಿಕೋನ್ ಬಿಡಿ, ನೀರು ಹಿಂದೆ ಇಳಿಯುವುದಿಲ್ಲ.

ನಳ ತಿರುಗಿಸಿದರೆ ಗೋಡೆಯಲ್ಲೇ ಅಲ್ಲಾಡುತ್ತದೆ.

ಒಳಗಿನ ಎಲ್ಬೋ (ಪೈಪಿನ ತಿರುವಿನ ಜೋಡಣೆ) ಸುತ್ತ ಮಾಲು ಉದುರಿಹೋಗಿದೆ. ಹಾಗೇ ಬಿಟ್ಟರೆ ಒಂದು ದಿನ ಎಲ್ಬೋ ಬಿರುಕು ಬಿಟ್ಟು ನೀರು ಗೋಡೆಯೊಳಗೇ ಹರಿಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಸುತ್ತ ಕೆತ್ತಿ, ಪೈಪಿಗೆ ಕ್ಲಾಂಪ್ ಹಾಕಿ, ಮೇಲೆ ಹೇಳಿದ ಹಾಗೆ ಕಾಂಕ್ರೀಟ್ ತುಂಬಿ. ಮಣ್ಣಿನ ಗೋಡೆಯಲ್ಲಿ ಪೈಪನ್ನು ಒಳಗೆ ಹೂಳುವುದೇ ಬೇಡ ಅಂತ ನನ್ನ ಅಭಿಪ್ರಾಯ. ಹೊರಗೆ ಬಿಡಿ. ಚೆಂದ ಕಾಣದಿದ್ದರೂ ಸೋರಿದರೆ ಕಣ್ಣಿಗೆ ಕಾಣುತ್ತದೆ.

ಕನ್ನಡಿ, ಟಾವೆಲ್ ರಾಡ್, ಸಾಬೂನು ತಟ್ಟೆಗೆ ಇಷ್ಟೆಲ್ಲ ಬೇಕಾ?

ಇಲ್ಲ. ಉದ್ದದ ಒಂದು ಮರದ ಪಟ್ಟಿ ಬಿಗಿದು ಎಲ್ಲವನ್ನೂ ಅದಕ್ಕೇ ಹಾಕಿ. ಹಳೇ ಮನೆಯಾದರೆ ಗೋಡೆಯಲ್ಲಿ ಮಾಡ ಇದ್ದೇ ಇರುತ್ತದೆ, ಸಾಬೂನು, ಎಣ್ಣೆ, ಶಾಂಪೂ ಅಲ್ಲೇ ಇಡಿ. ಅಂಟಿಸುವ ಹುಕ್ ನುಣುಪಾದ ಟೈಲ್ಸಿಗೆ ಮಾತ್ರ ಹಿಡಿಯುತ್ತದೆ, ಸುಣ್ಣ ಬಳಿದ ಗೋಡೆಗೆ ಹಚ್ಚಿದರೆ ಸುಣ್ಣದ ಪದರ ಸಮೇತ ಬೀಳುತ್ತದೆ.

ಗೋಡೆಗೆ ನೇತುಹಾಕುವ ಕಮೋಡ್?

ಈ ಗೋಡೆಗಳಿಗೆ ಬೇಡ. ನೆಲಕ್ಕೆ ಕೂರುವ ಕಮೋಡ್ ತೆಗೆದುಕೊಳ್ಳಿ.

ಒಳಗೆ ವೈರು, ಪೈಪು ಇದ್ದರೆ?

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನಳದ ನೇರ ಮೇಲೆ ಕೊರೆಯಬೇಡಿ. ಪ್ಲಂಬರ್ ಪೈಪ್ ಹಾಕಿ ಗಿಲಾವು ಮಾಡುವ ಮೊದಲು ಮೊಬೈಲಿನಲ್ಲಿ ಗೋಡೆಯ ಫೋಟೋ ತೆಗೆದು ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಬಚ್ಚಲಿನ ಲೈನ್ ಬಂದ್ ಮಾಡಿ, ಬೇರೆ ಕೋಣೆಯಿಂದ ವೈರ್ ಎಳೆದು ಕೊರೆಯಿರಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಗೀಸರ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ.

ಸ್ಕ್ರೂ ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ.

ಬಚ್ಚಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕೇಳಿ. ಇನ್ನೊಂದು, ಸವುಳು ನೀರಿನ ಕಲೆ ತೆಗೆಯಲು ಆಸಿಡ್ ಸುರಿಯುವುದನ್ನು ಬಿಡಿ. ಅದು ಸಿಮೆಂಟನ್ನು ತಿನ್ನುತ್ತದೆ, ಸ್ಕ್ರೂವನ್ನು ತಿನ್ನುತ್ತದೆ. ಶಹಾಬಾದ ಫರಸಿ ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಬುಸ್ ಅಂತ ನೊರೆ ಬರುವುದನ್ನು ನೀವೇ ನೋಡಿರುತ್ತೀರಿ.

ಯಾವಾಗ ಕೈ ಹಚ್ಚಬಾರದು?

ಗೋಡೆ ಹೊಟ್ಟೆ ಬಿಟ್ಟಿದ್ದರೆ. ಬಿರುಕಿನಲ್ಲಿ ನಾಣ್ಯ ಹೋಗುವಷ್ಟು ಸಂದಿ ಇದ್ದರೆ. ಎರೆಮಣ್ಣಿನ ನೆಲದಲ್ಲಿ ಕಟ್ಟಿದ ಮನೆಯಲ್ಲಿ ಬೇಸಿಗೆಗೆ ಬಿರುಕು ಅಗಲ ಆಗಿ ಮಳೆಗಾಲಕ್ಕೆ ಕೂಡಿಕೊಳ್ಳುತ್ತಿದ್ದರೆ ಬುನಾದಿಯೇ ಕದಲುತ್ತಿದೆ ಅಂತ ಅರ್ಥ. ಇಂಥ ಕಡೆ ಮೊದಲು ಎಂಜಿನಿಯರಿಗೆ ತೋರಿಸಿ, ಆಮೇಲೆ ಗೀಸರಿನ ಮಾತು.

ಬಾಡಿಗೆ ಮನೆ. ಮಾಲೀಕರು ತೂತು ಹಾಕಬೇಡಿ ಅಂತಾರೆ.

ಅವರು ಹೇಳುವುದರಲ್ಲಿ ತಪ್ಪಿಲ್ಲ, ಉದುರುವ ಗೋಡೆ ಅವರದ್ದು. ನೆಲದ ಸ್ಟ್ಯಾಂಡಿನ ಮೇಲೆ ಗೀಸರ್, ಕಾಲಿರುವ ಬೇಸಿನ್, ನೆಲಕ್ಕೆ ನಿಲ್ಲುವ ಟಾವೆಲ್ ಸ್ಟ್ಯಾಂಡ್. ಸ್ಟ್ಯಾಂಡು ವಾಲದಿರಲು ಬೇಕಾದ ಎರಡು ತೂತಿಗೆ ಮಾತ್ರ ಒಪ್ಪಿಸಿ, ಅದನ್ನೂ ಜಾಗ ತೋರಿಸಿ, ಬಾಯಿಮಾತಲ್ಲಿ ಬಿಡದೆ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಮನೆ ಬಿಡುವಾಗ ಸ್ಟ್ಯಾಂಡನ್ನು ಹೊತ್ತುಕೊಂಡು ಹೋಗಬಹುದು.